ಪ್ರತಿ ವರ್ಷದ ಹಾಗೆಯೇ: ‘ಡಿನ್ನರ್ ಫಾರ್ ಒನ್’ ಪ್ರಹಸನದ ದೀರ್ಘಾಯುಷ್ಯ – ಒಂದು ಪ್ರಕರಣ ಅಧ್ಯಯನ

ಡಿಸೆಂಬರ್ 31ರ ಸಂಜೆ ಜರ್ಮನಿಯ ಸಾರ್ವಜನಿಕ ದೂರದರ್ಶನ ವಾಹಿನಿಗಳು 18 ನಿಮಿಷಗಳ ಒಂದು ಕಪ್ಪು-ಬಿಳುಪು ಪ್ರಹಸನವನ್ನು ಪ್ರಸಾರ ಮಾಡುತ್ತವೆ. ಒಂದು ವಾಹಿನಿಯಲ್ಲಿ ಮುಗಿದರೆ ಇನ್ನೊಂದರಲ್ಲಿ ಶುರುವಾಗುತ್ತದೆ. ಅದರಲ್ಲಿರುವವರು ಇಬ್ಬರೇ ನಟರು, ಇಬ್ಬರೂ ಇಂಗ್ಲೆಂಡಿನವರು. ಸಂಭಾಷಣೆ ಪೂರ್ತಿ ಇಂಗ್ಲಿಷ್. ಜರ್ಮನ್ ಧ್ವನಿಯನ್ನು ಅದಕ್ಕೆ ಜೋಡಿಸಿಲ್ಲ. ಚಿತ್ರೀಕರಣವಾದದ್ದು 1963ರಲ್ಲಿ, ಹ್ಯಾಂಬರ್ಗ್ ನಗರದ ಬೇಸೆನ್‌ಬಿಂಡರ್‌ಹೋಫ್ ರಂಗಮಂದಿರದಲ್ಲಿ, ಪ್ರೇಕ್ಷಕರ ಎದುರಿಗೆ. ಅಂದು ಹುಟ್ಟಿರದಿದ್ದವರು ಇಂದು ತಮ್ಮ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ನೋಡುತ್ತಾರೆ, ಮುಂದಿನ ಮಾತನ್ನು ನಟರಿಗಿಂತ ಮೊದಲೇ ತಾವು ಹೇಳುತ್ತಾರೆ, ಆಮೇಲೂ ನಗುತ್ತಾರೆ. ಹಾಸ್ಯಕ್ಕೆ ಅನಿರೀಕ್ಷಿತವೇ ಜೀವಾಳ ಎಂದು ನಂಬಿದವರಿಗೆ ಇದು ಬಿಡಿಸಲೇಬೇಕಾದ ಒಗಟು. ಇಷ್ಟು ಹಳೆಯದಾದ, ಪರಭಾಷೆಯ, ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ತುಣುಕು ಇನ್ನೂ ಹಳಸದೆ ಉಳಿದದ್ದು ಹೇಗೆ ಎಂಬುದನ್ನು ಈ ಬರಹದಲ್ಲಿ ಪರಿಶೀಲಿಸುತ್ತೇನೆ.

ಕತೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡಬಹುದು. ಮಿಸ್ ಸೋಫಿ ಎಂಬ ಸಿರಿವಂತ ವೃದ್ಧೆಗೆ ಅಂದು 90 ತುಂಬುತ್ತದೆ. ಹುಟ್ಟುಹಬ್ಬದ ರಾತ್ರಿಯೂಟಕ್ಕೆ ಆಕೆ ಎಂದಿನಂತೆ ತನ್ನ ನಾಲ್ವರು ಗೆಳೆಯರನ್ನು ಕರೆದಿದ್ದಾಳೆ: ಸರ್ ಟೋಬಿ, ಅಡ್ಮಿರಲ್ ಫಾನ್ ಶ್ನೈಡರ್, ಮಿಸ್ಟರ್ ಪೊಮ್ಮರಾಯ್ ಮತ್ತು ಮಿಸ್ಟರ್ ವಿಂಟರ್‌ಬಾಟಮ್. ನಾಲ್ವರೂ ತೀರಿಕೊಂಡು ಬಹಳ ವರ್ಷಗಳಾಗಿವೆ. ಆದರೂ ಮೇಜಿನ ಸುತ್ತ ಅವರ ಕುರ್ಚಿಗಳಿವೆ, ಎದುರಿಗೆ ಗ್ಲಾಸುಗಳಿವೆ, ಮತ್ತು ಬಟ್ಲರ್ ಜೇಮ್ಸ್ ಇದ್ದಾನೆ. ಆತ ಪ್ರತಿ ಕುರ್ಚಿಯ ಬಳಿಗೂ ಹೋಗಿ ಮದ್ಯ ಸುರಿಯುತ್ತಾನೆ, ಆ ಅತಿಥಿಯ ದನಿಯಲ್ಲಿ ಒಡತಿಗೆ ಶುಭ ಕೋರುತ್ತಾನೆ, ಆ ಅತಿಥಿಯ ಪರವಾಗಿ ಗ್ಲಾಸನ್ನು ತಾನೇ ಬರಿದು ಮಾಡುತ್ತಾನೆ. ಊಟಕ್ಕೆ ನಾಲ್ಕು ಬಗೆ: ಸೂಪಿನ ಜೊತೆ ಶೆರ್ರಿ, ಮೀನಿನ ಜೊತೆ ಬಿಳಿ ವೈನ್, ಕೋಳಿಯ ಜೊತೆ ಶಾಂಪೇನ್, ಹಣ್ಣಿನ ಜೊತೆ ಪೋರ್ಟ್. ಅಂದರೆ ನಾಲ್ವರ ಪಾಲಿನ 16 ಗ್ಲಾಸುಗಳೂ ಒಬ್ಬನ ಹೊಟ್ಟೆಗೆ ಇಳಿಯುತ್ತವೆ. ಪ್ರತಿ ಬಾರಿ ಮದ್ಯ ಬಡಿಸುವ ಮುನ್ನ ಜೇಮ್ಸ್ ಕೇಳುವುದು ಒಂದೇ ಪ್ರಶ್ನೆ: “ಹೋದ ವರ್ಷದ ಹಾಗೆಯೇ ತಾನೆ, ಮಿಸ್ ಸೋಫಿ?” ಬರುವುದೂ ಒಂದೇ ಉತ್ತರ: “ಪ್ರತಿ ವರ್ಷದ ಹಾಗೆಯೇ, ಜೇಮ್ಸ್.”

ಇಷ್ಟನ್ನು ಓದಿದವರಿಗೆ ಇದು ಕುಡುಕನ ಪಾತ್ರದ ಹಳೆಯ ಹಾಸ್ಯವೆಂದು ಅನ್ನಿಸಬಹುದು. ಆದರೆ ಕಟ್ಟಿದ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಬೇರೆಯೇ ತೂಕದ ಕೆಲಸ. ಪ್ರಹಸನದ ಪ್ರತಿಯೊಂದು ಭಾಗವೂ ಎಣಿಕೆಯ ಮೇಲೆ ನಿಂತಿದೆ. ಮೊದಲ ಸುತ್ತಿನಲ್ಲೇ ಪ್ರೇಕ್ಷಕನಿಗೆ ನಾಲ್ಕು ಕುರ್ಚಿ, ನಾಲ್ಕು ಹೆಸರು, ನಾಲ್ಕು ದನಿಗಳ ಪರಿಚಯವಾಗುತ್ತದೆ. ಎರಡನೆಯ ಸುತ್ತು ಶುರುವಾಗುವಷ್ಟರಲ್ಲಿ ಇನ್ನೆರಡು ಸುತ್ತು ಬಾಕಿಯಿದೆಯೆಂಬ ಲೆಕ್ಕ ಅವನ ತಲೆಯಲ್ಲಿ ಕುಳಿತಿರುತ್ತದೆ. ಅಲ್ಲಿಂದ ಮುಂದೆ ನಗೆ ಹುಟ್ಟುವುದು ‘ಏನಾಗುತ್ತದೆ’ ಎಂಬ ಕುತೂಹಲದಿಂದಲ್ಲ, ಆಗಲೇಬೇಕಾದದ್ದು ‘ಹೇಗೆ ಆಗುತ್ತದೆ’ ಎಂಬ ನಿರೀಕ್ಷೆಯಿಂದ. ಜೇಮ್ಸ್ ಕೇಳುವ ಪ್ರಶ್ನೆಯ ಪದಗಳು ಬದಲಾಗುವುದಿಲ್ಲ, ಆದರೆ ದನಿ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ಮೊದಲು ಅದು ಕೆಲಸದಾಳಿನ ವಿಧೇಯ ವಿಚಾರಣೆ. ಕೊನೆಕೊನೆಗೆ, ಈ ವರ್ಷವಾದರೂ ಬಿಟ್ಟುಬಿಡಬಹುದಲ್ಲವೇ ಎಂಬ ಬಡಪಾಯಿಯ ಮೊರೆ. ಉತ್ತರ ಕೊಡುವ ಮಿಸ್ ಸೋಫಿಯ ದನಿ ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ನೆಲದ ಮೇಲೆ ಹಾಸಿರುವ ಹುಲಿಚರ್ಮದ ತಲೆ ಈ ಕಟ್ಟಡದ ಇನ್ನೊಂದು ಕಂಬ. ಬಡಿಸುವ ಮೇಜಿಗೂ ಊಟದ ಮೇಜಿಗೂ ನಡುವೆ ಅದು ಬಾಯಿ ತೆರೆದು ಬಿದ್ದಿದೆ. ಜೇಮ್ಸ್ ಅದಕ್ಕೆ 11 ಬಾರಿ ಎಡವುತ್ತಾನೆ. ಹನ್ನೊಂದೂ ಸಲ ಒಂದೇ ರೀತಿ ಎಡವಿದ್ದರೆ ಮೂರನೆಯ ಸಲಕ್ಕೇ ಪ್ರೇಕ್ಷಕರಿಗೆ ಬೇಸರ ಬರುತ್ತಿತ್ತು. ಎಡವುವುದು ನಮಗೆ ರೂಢಿಯಾದ ಹೊತ್ತಿಗೆ ಸರಿಯಾಗಿ, ಜೇಮ್ಸ್ ಒಮ್ಮೆ ಎಡವದೆ ದಾಟಿಬಿಡುತ್ತಾನೆ, ಹಾಗೆ ದಾಟಿದ್ದನ್ನು ಕಂಡು ತಾನೇ ಬೆರಗಾಗಿ ಹಿಂದಿರುಗಿ ನೋಡುತ್ತಾನೆ. ಇನ್ನೊಮ್ಮೆ ತಲೆಯ ಮೇಲಿಂದಲೇ ಜಿಗಿಯುತ್ತಾನೆ. ಇಡೀ ಪ್ರಹಸನದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಆ ಬೆರಗಿನದು. ಏನೂ ಆಗದಿರುವುದೇ ನಗೆಯಾಗಬೇಕಾದರೆ ಅದಕ್ಕೆ ಮುಂಚೆ ಎಷ್ಟು ತಾಳ್ಮೆಯಿಂದ ನೆಲ ಹದ ಮಾಡಿರಬೇಕು ಎಂಬುದನ್ನು ಅಭಿನಯ ಕಲಿಯುವವರಿಗೆ ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುವುದಿಲ್ಲ. ಮತ್ತೇರಿದ ಜೇಮ್ಸ್ ಹೂದಾನಿಯ ನೀರನ್ನು ಕುಡಿದು ಬೆಕ್ಕನ್ನು ಬೈಯುವ ತುಣುಕು ಕೂಡ ಎಲ್ಲರ ನೆನಪಿನಲ್ಲಿ ಉಳಿದಿದೆ. ಆದರೆ ಅದು ಒಂಟಿಯಾಗಿ ನಿಂತ ನಗೆ. ಹುಲಿತಲೆಯದು ಬೆಳೆಯುತ್ತ ಹೋಗುವ ನಗೆ.

ಈ ಹದ ಒಂದೇ ದಿನದಲ್ಲಿ ಬಂದದ್ದಲ್ಲ. ಪ್ರಹಸನವನ್ನು ಬರೆದವರು ಇಂಗ್ಲೆಂಡಿನ ಲಾರಿ ವೈಲಿ. 1948ರಲ್ಲಿ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದ ಒಂದು ವಿನೋದಾವಳಿಯಲ್ಲಿ ಇದರ ಪ್ರದರ್ಶನ ನಡೆದಿತ್ತು, 1953ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಗಿತ್ತು. ಅದನ್ನು ತನ್ನದನ್ನಾಗಿ ಮಾಡಿಕೊಂಡವರು ಫ್ರೆಡ್ಡಿ ಫ್ರಿಂಟನ್. ಗ್ರಿಮ್ಸ್‌ಬಿ ಎಂಬ ಮೀನುಗಾರಿಕೆ ಬಂದರಿನಲ್ಲಿ 1909ರಲ್ಲಿ ಹುಟ್ಟಿದ ಈ ನಟ ಇಂಗ್ಲೆಂಡಿನ ಕಡಲತೀರದ ರಂಗಮಂದಿರಗಳಲ್ಲಿ, ಬೇಸಿಗೆ ರಜೆಗೆಂದು ಬಂದ ಜನರ ಮುಂದೆ, ವರ್ಷಗಳ ಕಾಲ ಜೇಮ್ಸ್‌ನ ಪಾತ್ರ ಮಾಡಿದರು. ಯಾವ ಹೆಜ್ಜೆಗೆ ನಗೆ ಬರುತ್ತದೆ, ಯಾವ ಉಸಿರಿನಲ್ಲಿ ನಿಲ್ಲಬೇಕು ಎಂಬುದನ್ನು ಅವರಿಗೆ ಕಲಿಸಿದ್ದು ಆ ಪ್ರೇಕ್ಷಕರೇ. ದೂರದರ್ಶನದ ಪರದೆಯ ಮೇಲೆ ಇಂದು ಕಾಣುವ 18 ನಿಮಿಷಗಳ ಹಿಂದೆ ರಂಗದ ಮೇಲಿನ ಇಷ್ಟು ದೀರ್ಘ ಅಭ್ಯಾಸವಿದೆ. ಜರ್ಮನಿಯ ಜನಪ್ರಿಯ ನಿರೂಪಕ ಪೀಟರ್ ಫ್ರಾಂಕೆನ್‌ಫೆಲ್ಡ್ ಮತ್ತು ನಿರ್ದೇಶಕ ಹೈನ್ಜ್ ಡುಂಕ್‌ಹಾಸೆ 1962ರಲ್ಲಿ ಬ್ಲ್ಯಾಕ್‌ಪೂಲ್‌ಗೆ ಹೋದಾಗ ಇದನ್ನು ನೋಡಿ ಮೆಚ್ಚಿ ಹ್ಯಾಂಬರ್ಗ್‌ಗೆ ಆಹ್ವಾನಿಸಿದರು. ಮಿಸ್ ಸೋಫಿಯ ಪಾತ್ರದಲ್ಲಿ ಜೊತೆಗೆ ಬಂದವರು ಮೇ ವಾರ್ಡನ್. ತೊಂಬತ್ತರ ವೃದ್ಧೆಯಾಗಿ ಅಭಿನಯಿಸಿದ ಅವರಿಗೆ ಆಗ ಎಪ್ಪತ್ತರ ಆಸುಪಾಸು.

ಮೇ ವಾರ್ಡನ್ ಅವರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದು ನ್ಯಾಯವಲ್ಲ. ಎದುರಿಗೆ ಒಬ್ಬ ತೂರಾಡುತ್ತಿರುವಾಗ, ಮದ್ಯ ಗ್ಲಾಸಿನಿಂದಾಚೆ ಮೇಜಿನ ಮೇಲೆ ಸುರಿಯುತ್ತಿರುವಾಗ, ಕುಳಿತಲ್ಲೇ ಬೆನ್ನು ನೆಟ್ಟಗಿಟ್ಟುಕೊಂಡು ಆ ಖಾಲಿ ಕುರ್ಚಿಗಳತ್ತ ತಲೆಬಾಗಿ ಮುಗುಳ್ನಗುವ ಅವರ ಗಾಂಭೀರ್ಯ ಇರದಿದ್ದರೆ ಜೇಮ್ಸ್‌ನ ಅವಾಂತರಕ್ಕೆ ಅಳತೆಗೋಲೇ ಇರುತ್ತಿರಲಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ನೆರಳು ಎದ್ದು ಕಾಣುವಂತೆ ಆಕೆಯ ಸ್ಥಿರತೆಯ ಮೇಲೆ ಅವನ ತೂರಾಟ ಎದ್ದು ಕಾಣುತ್ತದೆ.

ಭಾಷೆಯ ಪ್ರಶ್ನೆಗೆ ಬರೋಣ. ಜರ್ಮನ್ ಭಾಷೆಯಲ್ಲಿ ಅಭಿನಯಿಸಲು ಫ್ರಿಂಟನ್ ಒಪ್ಪಲಿಲ್ಲ. ಯುದ್ಧ ಮುಗಿದು ಇನ್ನೂ ಇಪ್ಪತ್ತು ವರ್ಷ ಕಳೆದಿರದ ಕಾಲವದು. ಹಾಗಾಗಿ ಪ್ರಹಸನದ ಆರಂಭದಲ್ಲಿ ಹೈನ್ಜ್ ಪೈಪರ್ ಎಂಬ ನಿರೂಪಕರು ಬಂದು, ವೃದ್ಧೆ ಯಾರು, ಕುರ್ಚಿಗಳು ಏಕೆ ಖಾಲಿ, ಮತ್ತೆ ಮತ್ತೆ ಬರುವ ಆ ಎರಡು ವಾಕ್ಯಗಳ ಅರ್ಥವೇನು ಎಂದು ಜರ್ಮನ್‌ನಲ್ಲಿ ತಿಳಿಸುತ್ತಾರೆ. ಈ ಮುನ್ನುಡಿ ಒಂದು ಅನಿವಾರ್ಯ ವ್ಯವಸ್ಥೆಯಾಗಿ ಬಂದದ್ದಾದರೂ ಅದರ ಪರಿಣಾಮ ದೊಡ್ಡದು. ಗುಟ್ಟೆಲ್ಲ ಮೊದಲೇ ಬಯಲಾದದ್ದರಿಂದ, ಮೊದಲ ಬಾರಿ ನೋಡುವವನೂ ಎರಡನೆಯ ಬಾರಿ ನೋಡುವವನ ಸ್ಥಾನದಲ್ಲಿಯೇ ಕೂರುತ್ತಾನೆ. ಉಳಿದ ಇಂಗ್ಲಿಷ್ ಅರ್ಥವಾಗದಿದ್ದರೂ ನಷ್ಟವಿಲ್ಲ, ಏಕೆಂದರೆ ಜೇಮ್ಸ್‌ನ ನಾಲಗೆ ತೊದಲುವುದು ಯಾವ ಭಾಷೆಯಲ್ಲಾದರೂ ತೊದಲೇ. ಆ ಎರಡು ವಾಕ್ಯಗಳಂತೂ ಜರ್ಮನರ ನಿತ್ಯದ ಮಾತಿಗೇ ಸೇರಿಹೋಗಿವೆ. ಪತ್ರಿಕೆಗಳ ತಲೆಬರಹಗಳಲ್ಲಿಯೂ ರಾಜಕಾರಣಿಗಳ ಮಾತಿನಲ್ಲಿಯೂ ಅವು ಅನುವಾದವಿಲ್ಲದೆ ಇಂಗ್ಲಿಷಿನಲ್ಲೇ ಕಾಣಿಸಿಕೊಳ್ಳುತ್ತವೆ.

ಆದರೆ ಕಟ್ಟುವಿಕೆಯ ಸೊಗಸೊಂದೇ ಈ ದೀರ್ಘಾಯುಷ್ಯಕ್ಕೆ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. 1963ರಿಂದ ಸುಮಾರು ಒಂಬತ್ತು ವರ್ಷ ಇದು ಕಾರ್ಯಕ್ರಮಗಳ ನಡುವಿನ ತೆರಪು ತುಂಬುವ ತುಣುಕಾಗಿ ಆಗೊಮ್ಮೆ ಈಗೊಮ್ಮೆ, ವರ್ಷದ ಯಾವುದೋ ದಿನ ಬಂದುಹೋಗುತ್ತಿತ್ತು. ಜನ ನಗುತ್ತಿದ್ದರು, ಮರೆಯುತ್ತಿದ್ದರು. ಉತ್ತರ ಜರ್ಮನಿಯ ಎನ್‌ಡಿಆರ್ ವಾಹಿನಿ ಇದಕ್ಕೆ ಡಿಸೆಂಬರ್ 31ರ ಸಂಜೆಯ ಸ್ಥಾನವನ್ನು ಕಾಯಂ ಮಾಡಿದ್ದು 1972ರಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ ಪ್ರಹಸನದಲ್ಲಿ ನಡೆಯುವುದು ಹುಟ್ಟುಹಬ್ಬ, ವರ್ಷಾಂತ್ಯದ ಔತಣವಲ್ಲ. ಮಿಸ್ಟರ್ ಪೊಮ್ಮರಾಯ್‌ನ ಪರವಾಗಿ ಜೇಮ್ಸ್ ಹೇಳುವ ಹೊಸ ವರ್ಷದ ಶುಭಾಶಯವೊಂದೇ ಆ ದಿನಕ್ಕೆ ಹತ್ತಿರದ ನಂಟು. ಅಷ್ಟು ಸಣ್ಣ ಎಳೆ ಸಾಕಾಯಿತು. ಒಳಗೆ ‘ಪ್ರತಿ ವರ್ಷದ ಹಾಗೆಯೇ’ ಎನ್ನುವ ಪ್ರಹಸನ ಹೊರಗೂ ಪ್ರತಿ ವರ್ಷದ ಹಾಗೆಯೇ ಬರತೊಡಗಿದಾಗ, ಮನೆಯಲ್ಲಿ ಕುಳಿತು ನೋಡುವವರು ತಾವೂ ಆ ಮೇಜಿನ ಸುತ್ತ ಸೇರಿದವರಾದರು. ಹಬ್ಬದಡುಗೆಯನ್ನು ಯಾರೂ ಹೊಸ ರುಚಿಗಾಗಿ ಕಾಯುವುದಿಲ್ಲ. ಹೋದ ಸಲದ ರುಚಿಯೇ ಬೇಕು. ಈ ಪ್ರಕರಣದ ತಿರುಳು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ: ಪ್ರಹಸನದ ವಸ್ತು ಮತ್ತು ಅದನ್ನು ನೋಡುವ ಕ್ರಮ ಎರಡೂ ಒಂದೇ ಆಗಿಬಿಟ್ಟವು, ಆದ್ದರಿಂದ ಪುನರಾವರ್ತನೆ ಇದನ್ನು ಸವೆಸುವ ಬದಲು ಬಲಪಡಿಸಿತು.

ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ನೆರೆಹೊರೆಯ ದೇಶಗಳ ಅನುಭವವೇ ಸಾಕು. ನಾರ್ವೆಯಲ್ಲಿ ಇದು ಡಿಸೆಂಬರ್ 23ರ ಪದ್ಧತಿ. ಅಲ್ಲಿ ಮಿಸ್ ಸೋಫಿ ‘ಕೌಂಟೆಸ್’ ಎಂಬ ಪದವಿಗೇರಿ, ಪ್ರಹಸನಕ್ಕೆ ‘ಕೌಂಟೆಸ್ ಮತ್ತು ಬಟ್ಲರ್’ ಎಂಬ ಅರ್ಥದ ಹೆಸರು ಬಂದಿದೆ. ದಿನ ಬೇರೆಯಾದರೂ ಬೇರೂರಿದ ಬಗೆ ಒಂದೇ. ಸ್ವೀಡನ್ನಿನವರು ಇದರಲ್ಲಿ ಕುಡಿತ ಅತಿಯಾಯಿತೆಂದು ಮೊದಮೊದಲು ಪಕ್ಕಕ್ಕಿಟ್ಟಿದ್ದರು; 1976ರಿಂದ ಅಲ್ಲಿಯೂ ಹಬ್ಬದ ಭಾಗವಾಯಿತು. ಡೆನ್ಮಾರ್ಕ್‌ನಲ್ಲಿ 1985ರ ವರ್ಷಾಂತ್ಯಕ್ಕೆ ಇದನ್ನು ಕೈಬಿಟ್ಟಾಗ ವೀಕ್ಷಕರಿಂದ ದೂರುಗಳು ಬಂದು, ಪ್ರಹಸನ ತನ್ನ ಸ್ಥಾನಕ್ಕೆ ಮರಳಬೇಕಾಯಿತು. ಹೊಸ ಕಾರ್ಯಕ್ರಮವೊಂದು ಇಲ್ಲವಾದರೆ ಜನ ಇನ್ನೊಂದನ್ನು ನೋಡುತ್ತಾರೆ, ಆದರೆ ರೂಢಿಯೊಂದು ತಪ್ಪಿದರೆ ಮನೆಯಲ್ಲಿ ಏನೋ ಕಳೆದುಹೋದಂತೆ ಆಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬ್ರಿಟನ್ನಿನದು. ಬರೆದವರು ಅಲ್ಲಿಯವರು, ನಟರು ಅಲ್ಲಿಯವರು, ಭಾಷೆ ಅಲ್ಲಿಯದು. ಆದರೂ ಅಲ್ಲಿನ ಬಹುಪಾಲು ಜನರು ಇದರ ಹೆಸರನ್ನೇ ಕೇಳಿರಲಿಲ್ಲ. ಫ್ರಿಂಟನ್ ಅವರನ್ನು ನೆನಪಿಟ್ಟುಕೊಂಡವರು ಕೂಡ ಬಿಬಿಸಿಯ ‘ಮೀಟ್ ದ ವೈಫ್’ ಧಾರಾವಾಹಿಯ ಗಂಡನಾಗಿ ನೆನಪಿಟ್ಟುಕೊಂಡರು. ಈ ಚಿತ್ರಣ ಅಲ್ಲಿನ ರಾಷ್ಟ್ರೀಯ ವಾಹಿನಿಯೊಂದರಲ್ಲಿ ಮೊದಲ ಬಾರಿ ಪ್ರಸಾರವಾದದ್ದು 2018ರ ಡಿಸೆಂಬರ್ 31ರಂದು, ಸ್ಕೈ ಆರ್ಟ್ಸ್‌ನಲ್ಲಿ. ಚಿತ್ರೀಕರಣವಾಗಿ ಆಗಲೇ 55 ವರ್ಷ ಕಳೆದಿತ್ತು. ಅದೇ ವರ್ಷ ಜರ್ಮನಿ ಜೇಮ್ಸ್ ಮತ್ತು ಮಿಸ್ ಸೋಫಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತ್ತು. ಗುಣ ಒಂದೇ ಸಾಲುವುದಿದ್ದರೆ ತವರಿನಲ್ಲಿ ಇಷ್ಟು ಮರೆವು ಸಾಧ್ಯವಿರಲಿಲ್ಲ. ಗುಣ ಬೇಡವೇ ಬೇಡ, ಪದೇ ಪದೇ ತೋರಿಸಿದರೆ ಸಾಕು ಎನ್ನುವುದೂ ನಿಲ್ಲುವುದಿಲ್ಲ, ಏಕೆಂದರೆ ಹಬ್ಬದ ದಿನಗಳಂದು ವಾಹಿನಿಗಳು ಮರುಪ್ರಸಾರ ಮಾಡಿದ ಎಷ್ಟೋ ಹಾಸ್ಯಗಳಿಗೆ ಇಂಥ ಭಾಗ್ಯ ಬರಲಿಲ್ಲ.

ಇನ್ನೊಂದು ಪ್ರಯೋಗವೂ ನಡೆದಿದೆ. 1999ರಲ್ಲಿ ಎನ್‌ಡಿಆರ್ ಇದಕ್ಕೆ ಬಣ್ಣ ತುಂಬಿಸಿ ಪ್ರಸಾರ ಮಾಡಿತು. ತಾಂತ್ರಿಕವಾಗಿ ಅದು ಸುಧಾರಣೆಯೇ. ಆದರೆ ಜನರ ಮನಸ್ಸು ಕಪ್ಪು-ಬಿಳುಪಿನಲ್ಲೇ ಉಳಿಯಿತು. ಅಚ್ಚರಿಯಿಲ್ಲ: ಅಜ್ಜಿಯ ಕೈಬರಹದ ಅಡುಗೆ ಪಟ್ಟಿಯನ್ನು ಅಂದವಾಗಿ ಮುದ್ರಿಸಿಕೊಟ್ಟರೆ ಅದು ಓದಲು ಸುಲಭ, ಆದರೆ ಅಜ್ಜಿ ಅದರಲ್ಲಿರುವುದಿಲ್ಲ.

ಕನ್ನಡದ ಓದುಗರಿಗೆ ಈ ಊಟದ ಮೇಜಿನ ಮೇಲೆ ಪರಿಚಿತವಾದ ಒಂದು ಪದಾರ್ಥವಿದೆ. ಜೇಮ್ಸ್ ಮೊದಲು ಬಡಿಸುವ ಸೂಪಿನ ಹೆಸರು ‘ಮಲ್ಲಿಗಟಾನಿ’. ಅದೆಂದರೆ ತನಗೆ ಬಲು ಇಷ್ಟವೆಂದು ಮಿಸ್ ಸೋಫಿ ಹೇಳುತ್ತಾಳೆ. ತಮಿಳಿನ ‘ಮಿಳಗು ತಣ್ಣಿ’, ಅಂದರೆ ಮೆಣಸಿನ ನೀರು, ಆಂಗ್ಲರ ನಾಲಗೆಯಲ್ಲಿ ಹಾಗಾಯಿತು. ನಮ್ಮ ಮನೆಗಳ ಮೆಣಸಿನ ಸಾರಿನ ಒಡಹುಟ್ಟು ಅದು. ಮದರಾಸಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಊಟದ ಮೊದಲಿಗೆ ಸೂಪು ಕೇಳಿದಾಗ ಅಡುಗೆಯವರು ಆ ಸಾರಿಗೇ ಮಾಂಸ ತರಕಾರಿ ಸೇರಿಸಿ ಗಟ್ಟಿ ಮಾಡಿಕೊಟ್ಟದ್ದು ಹಡಗೇರಿ ಇಂಗ್ಲೆಂಡಿಗೆ ಹೋಯಿತು. ನೆಲದ ಮೇಲಿನ ಹುಲಿಯೂ ಯುರೋಪಿನ ಕಾಡಿನದಲ್ಲ. ಸೂಪು, ಹುಲಿಚರ್ಮ, ಸರ್ ಪದವಿಯ ಗೆಳೆಯ, ನೌಕಾಪಡೆಯ ಅಧಿಕಾರಿ ಇವೆಲ್ಲ ಸೇರಿ, ವಸಾಹತುಗಳ ಸಂಪತ್ತಿನಲ್ಲಿ ಬದುಕಿ ಮುಗಿದುಹೋದ ಒಂದು ವರ್ಗದ ಮನೆಯನ್ನು ಒಂದೂ ವಿವರಣೆಯಿಲ್ಲದೆ ಕಟ್ಟಿಕೊಡುತ್ತವೆ. ಆ ಲೋಕ ಹೋದರೂ ಅದರ ಶಿಷ್ಟಾಚಾರ ಮಾತ್ರ ಆ ಒಂದು ಕೋಣೆಯಲ್ಲಿ ಉಸಿರಾಡುತ್ತಿದೆ, ಅದನ್ನು ಉಸಿರಾಡಿಸುತ್ತಿರುವವನು ಒಬ್ಬ ಕೆಲಸದಾಳು.

ಇಲ್ಲಿಂದ ನನಗೆ ಅತ್ಯಂತ ಮುಖ್ಯವೆನಿಸುವ ಅಂಶಕ್ಕೆ ಬರುತ್ತೇನೆ. ನಾಲ್ವರು ಸತ್ತಿದ್ದಾರೆ, ಒಬ್ಬಳು ಬದುಕುಳಿದಿದ್ದಾಳೆ. ಇದು ನಗೆಯ ವಸ್ತುವಲ್ಲ. ತೀರಿಹೋದವರಿಗೆ ಎಡೆ ಇಟ್ಟು, ಅವರಿಗೆ ಇಷ್ಟವಾದ ತಿನಿಸನ್ನೇ ಮಾಡಿ ಬಡಿಸುವ ಮನೆಗಳಲ್ಲಿ ಬೆಳೆದವರಿಗೆ ಆ ಖಾಲಿ ಕುರ್ಚಿಗಳ ಮುಂದಿನ ತುಂಬಿದ ಗ್ಲಾಸುಗಳು ವಿಚಿತ್ರವಾಗಿ ಕಾಣುವುದಿಲ್ಲ. ಜೇಮ್ಸ್‌ಗೆ ಈ ಕೆಲಸ ಕಷ್ಟ. ಅಡ್ಮಿರಲ್ ಫಾನ್ ಶ್ನೈಡರ್‌ನ ಪರವಾಗಿ ಹಿಮ್ಮಡಿಗಳನ್ನು ಒಂದಕ್ಕೊಂದು ಬಡಿದು ‘ಸ್ಕೋಲ್’ (ಗ್ಲಾಸೆತ್ತಿ ಶುಭ ಕೋರುವ ಸ್ಕ್ಯಾಂಡಿನೇವಿಯಾದ ಮಾತು) ಎಂದು ಕೂಗಬೇಕು, ಕಾಲಿಗೆ ನೋವಾಗುತ್ತದೆ. ಈ ವರ್ಷವೂ ಅದನ್ನು ಹೇಳಲೇಬೇಕೇ ಎಂದು ಆತ ಕೇಳುತ್ತಾನೆ. ನನ್ನ ಸಂತೋಷಕ್ಕಾಗಿ, ಜೇಮ್ಸ್ ಎನ್ನುತ್ತಾಳೆ ಆಕೆ. ಆತ ಮತ್ತೆ ಹಿಮ್ಮಡಿ ಬಡಿಯುತ್ತಾನೆ. ಪ್ರೇಕ್ಷಕರು ನಗುತ್ತಾರೆ, ನಾನೂ ನಗುತ್ತೇನೆ, ಆದರೆ ಆ ಎರಡು ಮಾತುಗಳ ನಡುವೆ ಇರುವುದು ಕರುಣೆ. ಒಬ್ಬ ವೃದ್ಧೆ ಒಂಟಿಯಾಗಿ ಉಣ್ಣಬಾರದೆಂದು ಒಬ್ಬ ಮನುಷ್ಯ ನಾಲ್ಕು ಮನುಷ್ಯರಾಗುತ್ತಿದ್ದಾನೆ. ಬರಿಯ ಕುಡುಕನ ಹಾಸ್ಯವಾಗಿದ್ದರೆ ಜನ ಇದನ್ನು ಮಕ್ಕಳ ಜೊತೆ ಕುಳಿತು, ಸರಿದುಹೋಗುತ್ತಿರುವ ವರ್ಷದ ಕೊನೆಯ ಸಂಜೆ ನೋಡುತ್ತಿರಲಿಲ್ಲ. ಆ ಸಂಜೆ ಯಾವ ಮನೆಯಲ್ಲಿಯೂ ಒಂದಾದರೂ ಕುರ್ಚಿ ಖಾಲಿಯಿರಬಹುದು.

ಫ್ರಿಂಟನ್ 1968ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಡಿಸೆಂಬರ್ 31ರ ಸ್ಥಾನ ಕಾಯಂ ಆಗಲು ಆಗ ಇನ್ನೂ ನಾಲ್ಕು ವರ್ಷವಿತ್ತು. ಇನ್ನೊಂದು ದೇಶದ ಮನೆಮನೆಯ ವರ್ಷಾಂತ್ಯದಲ್ಲಿ ತಾನು ಸೇರಿಹೋಗುವ ಸಂಗತಿ ಅವರಿಗೆ ತಿಳಿಯಲೇ ಇಲ್ಲ. ಮೇ ವಾರ್ಡನ್ 1978ರವರೆಗೆ ಬದುಕಿದ್ದರು. ಮುದ್ರಿಕೆಯಲ್ಲಿ ಇಬ್ಬರೂ ಇದ್ದಾರೆ, ಅಂದಿನ ಪ್ರೇಕ್ಷಕರ ನಗೆಯೂ ಇದೆ. ಅವರಲ್ಲಿ ಒಬ್ಬ ಮಹಿಳೆಯ ತಡೆಯಲಾರದ, ಕೀಚಲು ದನಿಯ ನಗೆ ಎಲ್ಲರಿಗಿಂತ ಮೇಲಕ್ಕೆ ಕೇಳಿಸುತ್ತದೆ. ಊಟ ಮುಗಿಯುತ್ತದೆ. ಮಿಸ್ ಸೋಫಿ ಇನ್ನು ಮಲಗುತ್ತೇನೆಂದು ಏಳುತ್ತಾಳೆ. ನಿಲ್ಲಲೂ ಆಗದ ಜೇಮ್ಸ್ ಆಕೆಗೆ ತೋಳು ನೀಡಿ, ಮೆಟ್ಟಿಲ ಬಳಿ ಕೊನೆಯ ಬಾರಿಗೆ ತನ್ನ ಪ್ರಶ್ನೆ ಕೇಳುತ್ತಾನೆ, ತನ್ನ ಉತ್ತರ ಪಡೆಯುತ್ತಾನೆ, ಕೈಲಾದಷ್ಟು ಮಾಡುತ್ತೇನೆ ಎನ್ನುತ್ತ ಆಕೆಯೊಡನೆ ಮೇಲಕ್ಕೆ ಹತ್ತುತ್ತಾನೆ.